ಬಾಗಿಲು ಹಾಕಿದ್ದಷ್ಟು ದಿನ

ಕೋಳಿಯ ಹೊಟ್ಟೆಯೊಳಗೆ ಏನಿದೆ ಎಂಬುದು ಆರ್ವಿಲ್ ಟೀಗ್‌ಗೆ ನೋಡಿದ ಕ್ಷಣವೇ ತಿಳಿಯುತ್ತಿತ್ತು. ಮನುಷ್ಯರ ಹೊಟ್ಟೆಯೊಳಗೆ ಏನಿದೆ, ಏನಿಲ್ಲ ಎಂಬುದು ಮಾತ್ರ ಸ್ವಲ್ಪ ತಡವಾಗಿ ತಿಳಿಯುತ್ತಿತ್ತು.

ಅಮೆರಿಕದ ಆರ್ಕನ್ಸಾ ರಾಜ್ಯದ ಟರ್ನರ್ಸ್ ಫೋರ್ಕ್‌ನಲ್ಲಿ ಊರಿಗಿಂತ ದೊಡ್ಡದಾದ ಒಂದು ಕೋಳಿ ಕಾರ್ಖಾನೆ ಇದೆ. ಗಾಳಿ ಬಡಗಣದಿಂದ ಬೀಸಿದ ದಿನ ಜನ ಮೂಗು ಮುಚ್ಚಿಕೊಂಡು, ಇದು ದುಡ್ಡಿನ ವಾಸನೆ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಅಲ್ಲಿ ಕೊಕ್ಕೆಗೆ ತಲೆಕೆಳಗಾಗಿ ನೇತುಬಿದ್ದು ಸಾಗುವ ಕೋಳಿಗಳ ಸಾಲಿನ ಪಕ್ಕದಲ್ಲಿ ನಿಂತು, ಒಂದೊಂದನ್ನೂ ಬಗೆದು ನೋಡಿ, ಇದನ್ನು ಜನ ತಿನ್ನಬಹುದು, ಇದನ್ನು ತಿನ್ನಬಾರದು ಎಂದು ತೀರ್ಪು ಕೊಡುವವನು ಆರ್ವಿಲ್. ಅವನ ಸಂಬಳ ಕಾರ್ಖಾನೆಯದಲ್ಲ, ವಾಷಿಂಗ್ಟನ್ನಿನ ಸರ್ಕಾರದ್ದು. ಈ ವ್ಯತ್ಯಾಸವನ್ನು ಅವನು ಯಾರಿಗೂ ಮರೆಯಗೊಡುತ್ತಿರಲಿಲ್ಲ. ಕಾರ್ಖಾನೆಯ ಹೆಂಗಸರು ಅವನಿಗೆ ಇಟ್ಟಿದ್ದ ಹೆಸರೇ ‘ಸರ್ಕಾರ’. ಸರ್ಕಾರ ಬಂತು, ಕೂದಲು ಬಲೆಯೊಳಗೆ ತುರುಕಿಕೊಳ್ಳಿ ಎಂದು ಒಬ್ಬಳು ಪಿಸುಗುಟ್ಟಿದರೆ ಸಾಲಿಗೆ ಸಾಲೇ ನೆಟ್ಟಗಾಗುತ್ತಿತ್ತು. ಅದನ್ನು ಆರ್ವಿಲ್ ಗೌರವವೆಂದೇ ತಿಳಿದಿದ್ದ.

ತಪಾಸಣೆಯವರಿಗೆ ಒಂದು ನಿಯಮವಿದೆ: ಯಾರ ಮಾಲನ್ನು ಪರೀಕ್ಷಿಸುತ್ತೀರೋ ಅವರಿಂದ ಏನನ್ನೂ ತೆಗೆದುಕೊಳ್ಳಬಾರದು. ಉಳಿದವರು ಈ ನಿಯಮವನ್ನು ಪಾಲಿಸುತ್ತಿದ್ದರು. ಆರ್ವಿಲ್ ಅದನ್ನು ಪೂಜಿಸುತ್ತಿದ್ದ. ಕಾರ್ಖಾನೆಯ ಕಾಫಿಯನ್ನು ಅವನು ಒಂದು ದಿನವೂ ಕುಡಿದವನಲ್ಲ. ಒಮ್ಮೆ ಜಡಿಮಳೆಯಲ್ಲಿ ಮ್ಯಾನೇಜರ್ ರಸ್ಟಿ ಕ್ರೆನ್‌ಶಾ ತನ್ನ ಕೊಡೆಯನ್ನು ಇವನ ತಲೆಯ ಮೇಲೆ ಹಿಡಿದಾಗ, ಕೊಡೆಯ ಆಸರೆಯೂ ಒಂದು ಬಗೆಯ ಲಾಭವೇ ಎಂದು ಹೇಳಿ ಪಕ್ಕಕ್ಕೆ ಸರಿದು ಪೂರ್ತಿ ನೆನೆದಿದ್ದ. ರಸ್ಟಿ ಇವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವನು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಆರ್ವಿಲ್ ಈ ಕೊಡೆಯ ಕಥೆ ಹೇಳುತ್ತಿದ್ದ. ಹೇಳಿದಷ್ಟು ಸಲವೂ ಮಳೆ ಜೋರಾಗುತ್ತಿತ್ತು.

ಹಾಗೆ ಕಥೆ ಕೇಳಿಸಿಕೊಂಡವರಲ್ಲಿ ಕಡೆಯವಳು ಕೆಂಡ್ರಾ ಔಸ್ಲಿ. ತಪಾಸಣೆಯ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಸರ್ಕಾರದ ಕೆಲಸದಲ್ಲಿ ಮೊದಲ ವರ್ಷ ಎಂದರೆ ಮದುವೆಗೆ ಮುಂಚಿನ ನಿಶ್ಚಿತಾರ್ಥವಿದ್ದಂತೆ; ಒಂದು ಸಾಲು ಬರೆದು ಬೇಡವೆನ್ನಬಹುದು, ಕಾರಣ ಹೇಳಬೇಕೆಂದೂ ಇಲ್ಲ. ಗಂಡ ಬಿಟ್ಟು ಹೋಗಿದ್ದ. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಊರ ಹೊರಗೆ ಗಾಲಿಗಳ ಮೇಲೆ ಕೂರಿಸಿದ ಬಾಡಿಗೆಯ ಟ್ರೇಲರ್ ಮನೆಯಲ್ಲಿದ್ದಳು. ಆ ದೇಶದ ದಕ್ಷಿಣದ ಕಡೆಯ ಪದ್ಧತಿಯಂತೆ ಹಿರಿಯನಾದ ಇವನನ್ನು ಬಾಯಿ ತುಂಬ “ಮಿಸ್ಟರ್ ಆರ್ವಿಲ್” ಎಂದು ಕರೆಯುತ್ತಿದ್ದಳು. ಆ ಕರೆಯ ಬಾಲದಲ್ಲಿ ಸಣ್ಣದೊಂದು ನಗು ಇರುತ್ತಿತ್ತು. ಅದು ಇವನ ಕಿವಿಗೆ ಬಿದ್ದಿರಲಿಲ್ಲ.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ವಾಷಿಂಗ್ಟನ್ನಿನಲ್ಲಿ ದೊಡ್ಡವರು ಖರ್ಚಿನ ಮಸೂದೆಯ ಮೇಲೆ ಜಗಳವಾಡಿಕೊಂಡು, ದುಡ್ಡಿಗೆ ಮಂಜೂರಾತಿ ಕೊಡದೆ ಸರ್ಕಾರದ ಬಾಗಿಲು ಹಾಕಿದರು. ಆಫೀಸುಗಳಲ್ಲಿ ಕುರ್ಚಿಯ ಮೇಲೆ ಕೂರುವವರನ್ನೆಲ್ಲ ಮನೆಗೆ ಕಳಿಸಿದರು. ಆದರೆ ತಪಾಸಣೆಯವರಿಲ್ಲದೆ ಕೋಳಿ ಕೊಕ್ಕೆಯಿಂದ ಇಳಿಯುವಂತಿಲ್ಲ. ಆದ್ದರಿಂದ ಆರ್ವಿಲ್, ಕೆಂಡ್ರಾ ಮತ್ತು ಅವರಂಥವರು ದಿನಾ ಬರಬೇಕು, ದುಡಿಯಬೇಕು. ಸಂಬಳ ಮಾತ್ರ ಬಾಗಿಲು ತೆಗೆದ ಮೇಲೆ. ಮನೆಯಲ್ಲಿ ಕೂತವರಿಗೂ ಸಂಬಳವಿಲ್ಲ, ದುಡಿದವರಿಗೂ ಸಂಬಳವಿಲ್ಲ ಎಂದಮೇಲೆ ಇಬ್ಬರಿಗೂ ಏನು ವ್ಯತ್ಯಾಸ ಎಂದು ಯಾರೋ ಕೇಳಿದಾಗ, ದೇಶಕ್ಕೆ ನಮ್ಮ ಅಗತ್ಯವಿದೆ ಎಂಬುದೇ ವ್ಯತ್ಯಾಸ ಎಂದು ಆರ್ವಿಲ್ ಎದೆಯುಬ್ಬಿಸಿ ಉತ್ತರಿಸಿದ.

ಮಾರನೆಯ ದಿನವೇ ಅವನು ಊಟದ ಬಿಡುವಿನಲ್ಲಿ ಒಂದು ಪಾಠಶಾಲೆ ತೆರೆದ. ಬಾಗಿಲು ಹಾಕಿದಾಗ ನೌಕರನಿಗೆ ಯಾವ ಯಾವ ರಕ್ಷಣೆಗಳಿವೆ ಎಂಬುದೇ ಪಾಠ. ಮೊದಲನೆಯದು, ನಿಂತ ಸಂಬಳವನ್ನು ಬಾಗಿಲು ತೆಗೆದ ಕೂಡಲೇ ಪೂರ್ತಿ ಕೊಡಬೇಕೆಂದು ಕಾನೂನೇ ಇದೆ. ಎರಡನೆಯದು, ನೌಕರರ ಸೊಸೈಟಿಯವರು ಬಡ್ಡಿಯಿಲ್ಲದೆ ಸಾಲ ಕೊಡುತ್ತಾರೆ. ಮೂರನೆಯದು, ಸಾಲಗಾರರಿಗೂ ಮನೆ ಮಾಲೀಕರಿಗೂ ಕೊಡಲು ಇಲಾಖೆಯೇ ಒಂದು ಕಾಗದ ಸಿದ್ಧಮಾಡಿ ಇಟ್ಟಿದೆ: ಈ ನೌಕರರು ಸಂಬಳವಿಲ್ಲದೆ ಇದ್ದಾರೆ, ದಯವಿಟ್ಟು ಸೈರಣೆ ತೋರಿಸಿ ಎಂದು. ನಾಲ್ಕನೆಯದು ನಿರುದ್ಯೋಗ ಭತ್ಯೆ. ಇಷ್ಟು ಕೋಟೆ ಕಟ್ಟಿಕೊಟ್ಟಿರುವಾಗ ಮುಖ ಸಣ್ಣ ಮಾಡಿಕೊಳ್ಳುವವರು ಸರ್ಕಾರಕ್ಕೆ ಅವಮಾನ ಮಾಡಿದಂತೆ ಎಂದು ಅವನು ಪಾಠ ಮುಗಿಸಿದ.

ಕೆಂಡ್ರಾ ಕೋಟೆಯ ಒಂದೊಂದು ಬಾಗಿಲನ್ನೂ ತಟ್ಟಿ ಬಂದಳು. ಸೊಸೈಟಿಯಲ್ಲಿ ಮೊದಲಿನಿಂದ ಸಂಬಳ ಜಮಾ ಆಗುತ್ತಿದ್ದವರಿಗೆ ಮಾತ್ರ ಸಾಲವಂತೆ. ಇವಳ ಖಾತೆ ಬೇರೆ ಬ್ಯಾಂಕಿನಲ್ಲಿತ್ತು. ಭತ್ಯೆಯ ಆಫೀಸಿನವರು, ದಿನಾ ಕೆಲಸಕ್ಕೆ ಹೋಗುವವಳು ನಿರುದ್ಯೋಗಿ ಹೇಗಾಗುತ್ತಾಳೆ ಎಂದು ಕೇಳಿದರು. ಮನೆ ಮಾಲೀಕ ಇಲಾಖೆಯ ಕಾಗದವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಬಹಳ ಚೆನ್ನಾಗಿ ಬರೆದಿದ್ದಾರೆ, ನನ್ನ ಸಾಲದ ಕಂತಿಗೆ ಬ್ಯಾಂಕಿನವರು ಇದನ್ನು ತೆಗೆದುಕೊಳ್ಳುತ್ತಾರಾ ವಿಚಾರಿಸಿ ಹೇಳು ಎಂದನಂತೆ. ಉಳಿದದ್ದು ಕಾನೂನೊಂದೇ. ಅದರ ಫಲ ಬಾಗಿಲು ತೆಗೆದ ಮೇಲೆ.

ಅದೇ ಕಾಗದ ಆರ್ವಿಲ್‌ಗೆ ಮಾತ್ರ ಚೆನ್ನಾಗಿ ಕೆಲಸ ಮಾಡಿತ್ತು. ಬೇಸಿಗೆಯಲ್ಲಿ ಅವನು ಮೀನು ಹಿಡಿಯಲೆಂದು ಒಂದು ಮೋಟಾರು ದೋಣಿ ಕೊಂಡಿದ್ದ, ಕಂತಿನ ಮೇಲೆ. ದೋಣಿಗೆ ಸಾಲ ಕೊಟ್ಟ ಬ್ಯಾಂಕಿನವರು ಕಾಗದ ನೋಡಿ, ನಿಮ್ಮಂಥವರಿಗೆ ಏನು ಅವಸರ ಸಾರ್ ಎಂದು ಕಂತನ್ನು ಮುಂದಕ್ಕೆ ಹಾಕಿದರು. ಹೀಗೆ ಆ ಊರಿನಲ್ಲಿ ದೋಣಿಗೆ ರಕ್ಷಣೆ ಸಿಕ್ಕಿತು, ಇಬ್ಬರು ಮಕ್ಕಳಿಗೆ ಸಿಗಲಿಲ್ಲ. ಆರ್ವಿಲ್‌ಗೆ ಇದು ಆಗ ಹೊಳೆಯಲಿಲ್ಲ. ಕಾಗದವನ್ನು ಸರಿಯಾದ ರೀತಿಯಲ್ಲಿ ಕೊಡಲು ಕೆಂಡ್ರಾಗೆ ಬರಲಿಲ್ಲ ಎಂದಷ್ಟೇ ಹೊಳೆಯಿತು.

ಸಂಬಳದ ದಿನ ಬಂತು, ಸಂಬಳ ಬರಲಿಲ್ಲ. ಆ ವಾರ ಒಂದು ಸಂಜೆ ಪಾಳಿ ಮುಗಿಸಿ ಹೊರಗೆ ಬಂದ ಆರ್ವಿಲ್, ಕಾರು ನಿಲ್ಲಿಸುವ ಅಂಗಳದಲ್ಲಿ ಒಂದು ದೃಶ್ಯ ಕಂಡ. ಲಿಜೋನ್ ಎಂಬ ಹೆಂಗಸು ಕೆಂಡ್ರಾಳ ಕಾರಿನ ಹಿಂದಿನ ಸೀಟಿನ ಮೇಲೆ ಮುಚ್ಚಿದ ತಟ್ಟೆಯೊಂದನ್ನೂ ಒಂದು ಚೀಲವನ್ನೂ ಇಡುತ್ತಿದ್ದಳು. ಲಿಜೋನ್ ಕಾರ್ಖಾನೆಯಲ್ಲಿ ಮೂಳೆಯಿಂದ ಮಾಂಸ ಬಿಡಿಸುವ ಕೆಲಸದವಳು. ಪೆಸಿಫಿಕ್ ಸಮುದ್ರದ ಮಾರ್ಷಲ್ ದ್ವೀಪಗಳಿಂದ ಬಂದು ಈ ಊರಲ್ಲಿ ನೆಲೆಸಿದ ಜನರ ಪೈಕಿ. ಅವಳ ಸುತ್ತ ಅವಳ ಕಡೆಯ ಹೆಂಗಸರು ನಾಲ್ಕಾರು ಜನ ಮನೆಗೆ ಹೋಗುವ ವ್ಯಾನಿಗೆ ಕಾಯುತ್ತಿದ್ದರು.

ಆರ್ವಿಲ್ ನೇರ ಹೋಗಿ ಅದೇನೆಂದು ಕೇಳಿದ.

“ಅನ್ನದುಂಡೆ, ಮಿಸ್ಟರ್ ಆರ್ವಿಲ್,” ಎಂದಳು ಕೆಂಡ್ರಾ. “ಕಾಯಿತುರೀಲಿ ಹೊರಳಿಸಿದ್ದು. ಚೀಲದಲ್ಲಿ ಒಂದಿಷ್ಟು ಕೋಳಿ ಇದೆ. ಹೆದರ್ಕೋಬೇಡಿ, ನೀವೇ ಪಾಸ್ ಮಾಡಿದ್ದು.”

ಹೆಂಗಸರು ನಕ್ಕರು. ಆರ್ವಿಲ್ ನಗಲಿಲ್ಲ. ಕಾರ್ಖಾನೆಯವರ ಕೈಯಿಂದ ಅಗುಳನ್ನೂ ಮುಟ್ಟಬಾರದೆಂಬ ನಿಯಮವನ್ನು ಹೇಳಿ, ಹಿಂದಕ್ಕೆ ಕೊಡು ಎಂದು, ಕೊಡೆಯ ಕಥೆಯನ್ನು ಎತ್ತಿಕೊಂಡ. ಕಥೆಯಲ್ಲಿ ಇನ್ನೂ ಮೋಡ ಕವಿಯುತ್ತಿರುವಾಗಲೇ ಕೆಂಡ್ರಾ ಕಾರಿನ ಬಾಗಿಲು ಹಾಕಿದಳು.

“ಆ ನಿಯಮಾನ ನನ್ನ ಮಕ್ಕಳ ಹಸಿವಿಗೂ ಒಂದ್ಸಲ ಓದಿ ಹೇಳ್ತೀರಾ? ನಾನು ಹೇಳಿದ್ರೆ ಕೇಳ್ತಾ ಇಲ್ಲ ಅದು.”

ಅಷ್ಟಕ್ಕೇ ಮುಗಿದಿದ್ದರೆ ಆರ್ವಿಲ್ ಗೊಣಗಿಕೊಂಡು ಮನೆಗೆ ಹೋಗುತ್ತಿದ್ದನೋ ಏನೋ. ಆದರೆ ಹಿಂದಿನಿಂದ ಒಬ್ಬಳು, “ಸರ್ಕಾರಕ್ಕೂ ಎರಡು ಉಂಡೆ ಹಾಕೇ ಲಿಜೋನ್, ಪಾಪ, ಅದಕ್ಕೂ ಸಂಬಳ ಇಲ್ವಂತೆ,” ಎಂದುಬಿಟ್ಟಳು. ಈ ಸಲ ಕೆಂಡ್ರಾಳೂ ನಕ್ಕಳು. ‘ಸರ್ಕಾರ’ ಎಂಬುದು ಗೌರವದ ಹೆಸರಲ್ಲ ಎಂದು ಅಷ್ಟು ವರ್ಷಗಳ ಮೇಲೆ ಅಂಗಳದ ನಡುವೆ ಅವನಿಗೆ ಗೊತ್ತಾಯಿತು.

ಮನೆಗೆ ಹೋದವನೇ ಕಂಪ್ಯೂಟರಿನ ಮುಂದೆ ಕೂತು ಜಿಲ್ಲಾ ಕಚೇರಿಯ ಸಿಬ್ಬಂದಿ ವಿಭಾಗಕ್ಕೆ ಒಂದು ವರದಿ ಬರೆದ. ಕಾರ್ಖಾನೆಯಲ್ಲೇ ಅವನಿಗೆ ಮೇಲಿನವಳಾಗಿ ಡಾಕ್ಟರ್ ಬಾಗ್‌ವೆಲ್ ಎಂಬ ಚಿಕ್ಕ ವಯಸ್ಸಿನ ಪಶುವೈದ್ಯೆ ಇದ್ದಳು. ಇಂಥದ್ದೇನಿದ್ದರೂ ಮೊದಲು ಅವಳಿಗೆ ಹೇಳುವುದು ವಾಡಿಕೆ. ಆದರೆ ವಿಷಯದ ಗಾಂಭೀರ್ಯ ಅವಳ ವಯಸ್ಸಿಗೆ ಮೀರಿದ್ದೆಂದು ಆರ್ವಿಲ್ ನೇರ ಮೇಲಕ್ಕೇ ಕಳಿಸಿದ. ವೈಯಕ್ತಿಕ ದ್ವೇಷದಿಂದಲ್ಲ, ಕರ್ತವ್ಯದಿಂದ ಎಂದು ಎರಡು ಕಡೆ ಬರೆದ. ಒಂದು ಕಡೆ ಬರೆದಿದ್ದರೆ ನಿಜವೆನಿಸುತ್ತಿತ್ತು. ಕಳಿಸಿದ ಕ್ಷಣದಲ್ಲೇ ಯಂತ್ರದ ಉತ್ತರ ಬಂತು: ಸರ್ಕಾರ ಬಾಗಿಲು ಹಾಕಿರುವುದರಿಂದ ನಾನು ರಜೆಯಲ್ಲಿದ್ದೇನೆ, ಮರಳಿ ಬಂದ ಮೇಲೆ ನಿಮ್ಮ ಪತ್ರ ನೋಡುತ್ತೇನೆ. ಇರಲಿ, ನ್ಯಾಯ ತಡವಾದರೂ ಬರುತ್ತದೆ ಎಂದು ಆರ್ವಿಲ್ ಚೆನ್ನಾಗಿ ನಿದ್ದೆ ಮಾಡಿದ.

ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂತಾಗ ಅವನ ಹೆಂಡತಿ ಮಾರ್ಲೀನ್ ಕೋಳಿಯ ಸಾರಿನಲ್ಲಿ ಹಿಟ್ಟಿನ ಕಡುಬು ಬೇಯಿಸಿ ಬಡಿಸಿದಳು. ಆರ್ವಿಲ್ ಎರಡನೆಯ ಸಲ ಹಾಕಿಸಿಕೊಂಡು, ಈಚೆಗೆ ನಿನ್ನ ಕೈರುಚಿ ಏರಿದೆ ಎಂದು ಹೊಗಳಿದ. ಹೊಗಳಿಕೆಯ ಹುಮ್ಮಸ್ಸಿನಲ್ಲಿ ಕೆಂಡ್ರಾಳ ಪ್ರಸಂಗವನ್ನೂ ಹೇಳಿದ, ವರದಿಯ ಕೆಲವು ವಾಕ್ಯಗಳನ್ನು ಬಾಯಿಪಾಠ ಒಪ್ಪಿಸಿದ. ಮಾರ್ಲೀನ್ ಚಮಚ ಕೆಳಗಿಟ್ಟಳು.

“ಈ ಕೋಳಿ ಎಲ್ಲಿಂದ ಬಂತು ಅಂತ ಒಂದಿನಾನಾದ್ರೂ ಕೇಳಿದೀಯಾ, ಆರ್ವಿಲ್?”

ಕೇಳಿರಲಿಲ್ಲ. ಸಂಬಳ ನಿಂತರೂ ತಟ್ಟೆಗೆ ಊಟ ಬರುತ್ತಿರುವುದು ಹೇಗೆ ಎಂಬ ಪ್ರಶ್ನೆ ತಪಾಸಣೆಯ ವ್ಯಾಪ್ತಿಗೆ ಬಂದಿರಲಿಲ್ಲ.

“ಚರ್ಚಲ್ಲಿ ಹಂಚ್ತಾರೆ. ಚರ್ಚಿಗೆ ಕೊಟ್ಟಿರೋರು ನಿನ್ನ ಕಾರ್ಖಾನೆಯೋರು. ಸಂಬಳ ನಿಂತಾಗಿಂದ ನೀನು ತಿಂತಿರೋದು ಅದನ್ನೇ. ಚೀಲ ಕಸದ ಬುಟ್ಟೀಲಿದೆ ನೋಡು ಹೋಗು, ಅದರ ಮೇಲೆ ನಿನ್ನ ಮುದ್ರೆನೇ ಇದೆ.” ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಅಂದಳು: “ನನ್ನ ಮೇಲೂ ಒಂದು ಬರೆದು ಹಾಕು. ಅವಳು ಮಕ್ಕಳಿಗೆ ಹಾಕಿದ್ಳು, ನಾನು ನಿನಗೆ ಹಾಕಿದೆ. ನನ್ನ ತಪ್ಪೇ ದೊಡ್ಡದು.”

ಆರ್ವಿಲ್ ಎದ್ದು ಹೋಗಿ ಬುಟ್ಟಿ ನೋಡಿದ. ಚೀಲದ ಮೂಲೆಯಲ್ಲಿ ದುಂಡನೆಯ ಮುದ್ರೆ ಇತ್ತು, ಅವನ ಕಾರ್ಖಾನೆಯ ಸಂಖ್ಯೆಯೊಂದಿಗೆ. ಅವನು ಊಟ ಬಿಟ್ಟೆದ್ದ ಎಂದು ಬರೆದಿದ್ದರೆ ಕಥೆಗೆ ಚೆನ್ನಾಗಿರುತ್ತಿತ್ತು. ಆದರೆ ತಟ್ಟೆಯಲ್ಲಿ ಬಿಟ್ಟರೆ ಪೆಟ್ಟು ಬೀಳುತ್ತಿದ್ದ ಮನೆಯಲ್ಲಿ ಬೆಳೆದವನು; ಮರಳಿ ಬಂದು ಕೂತು, ತಟ್ಟೆ ಮುಗಿಸಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ; ಕಳಿಸಿದ ಪತ್ರದ ಪಾಡೂ ಅದೇ. ಸೋಮವಾರ ಅವನು ಜಿಲ್ಲಾ ಕಚೇರಿಗೆ ಫೋನು ಮಾಡಿದ. ಬಾಗಿಲು ಹಾಕಿದೆ ಎಂದು ಒಂದು ಹೆಣ್ಣುದನಿ ಹೇಳಿತು, ಅದೂ ಯಂತ್ರದ್ದೇ. ಕೊನೆಗೆ ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ಡಾಕ್ಟರ್ ಬಾಗ್‌ವೆಲ್‌ಳ ಕೋಣೆಗೆ ಹೋಗಿ, ಇದ್ದದ್ದನ್ನು ಇದ್ದಂತೆ ಹೇಳಿದ. ಅವಳು ಎದ್ದು ಕೋಣೆಯ ಬಾಗಿಲು ಹಾಕಿ ಬಂದಳು.

“ನನಗೆ ಕೊಟ್ಟಿದ್ರೆ ಓದಿ ಮರೆತುಬಿಡ್ತಿದ್ದೆ, ಆರ್ವಿಲ್. ಇಂಥವನ್ನ ಮರೆಯೋಕೆ ಅಂತಾನೇ ನನ್ನನ್ನ ಇಲ್ಲಿ ಕೂರಿಸಿರೋದು.”

ಆಮೇಲೆ ಅವಳು ನಿಯಮದ ಇನ್ನೊಂದು ತುದಿಯನ್ನು ವಿವರಿಸಿದಳು. ಕಾರ್ಖಾನೆಯವರು ಕೊಟ್ಟದ್ದನ್ನು ಮುಟ್ಟಬಾರದು, ನಿಜ. ಆದರೆ ನೆಂಟರು, ಆಪ್ತರು ಸ್ನೇಹಕ್ಕಾಗಿ ಕೊಟ್ಟರೆ ಅದು ಬೇರೆ ಮಾತು, ಅದಕ್ಕೆ ಅವಕಾಶವಿದೆ. ಕೆಂಡ್ರಾ ನಸುಕಿನಲ್ಲಿ ಕೆಲಸಕ್ಕೆ ಬರುವಾಗ ಅವಳ ಮಕ್ಕಳನ್ನು ನೋಡಿಕೊಳ್ಳುವವಳು ಲಿಜೋನಳ ತಾಯಿ. ಎರಡೂ ಮನೆಯ ಮಕ್ಕಳು ಒಂದೇ ತರಗತಿ. ಇಡೀ ಕಾರ್ಖಾನೆಗೆ ಗೊತ್ತಿದ್ದ ಈ ಸಂಗತಿ, ಎಲ್ಲರನ್ನೂ ಹದ್ದಿನ ಕಣ್ಣಿನಿಂದ ನೋಡುವ ಆರ್ವಿಲ್‌ಗೆ ಗೊತ್ತಿರಲಿಲ್ಲ. ಅವನು ಓದಿದ್ದು ನಿಯಮದ ಮೊದಲ ಪುಟ, ಎರಡನೆಯದನ್ನು ಮಗುಚಿರಲಿಲ್ಲ. ಮೊದಲ ಪುಟವೇ ಅಷ್ಟು ಹಿತವಾಗಿತ್ತು.

“ಕೆಂಡ್ರಾನೇ ನಾಲ್ಕು ಸಾಲು ಬರೆದು ಕೊಡ್ಲಿ, ನಾವಿಬ್ರೂ ಹೀಗ್ ಹೀಗೆ ಸ್ನೇಹಿತರು ಅಂತ,” ಎಂದಳು ಡಾಕ್ಟರ್. “ನಾನು ಸಹಿ ಹಾಕಿ ಕಳಿಸ್ತೀನಿ. ಅವರು ಬಾಗಿಲು ತೆಗೆದಾಗ ನಿಮ್ಮದರ ಜೊತೆಗೇ ಅದೂ ಅವರ ಕಣ್ಣಿಗೆ ಬೀಳಬೇಕು. ಹೋಗಿ ನೀವೇ ಹೇಳಿ ಅವಳಿಗೆ. ನಾನು ಕರೆಸಿ ಹೇಳಿದ್ರೆ ಅದು ತನಿಖೆ ಆಗತ್ತೆ. ನೀವು ಹೇಳಿದ್ರೆ ಬರೀ ಕ್ಷಮೆ ಕೇಳಿದ ಹಾಗೆ.”

ಬರೀ ಕ್ಷಮೆ ಕೇಳುವುದು ಎಂದು ಅವಳು ಹಗುರವಾಗಿ ಅಂದಳು. ಆರ್ವಿಲ್ ತನ್ನ ಜೀವಮಾನದಲ್ಲಿ ಯಾರನ್ನೂ ಕ್ಷಮೆ ಕೇಳಿದವನಲ್ಲ. ಅಂಥ ಪ್ರಸಂಗವೇ ಬರದಂತೆ ನಡೆದುಕೊಂಡಿದ್ದೇನೆ ಎಂಬುದು ಅವನ ಹೆಮ್ಮೆ. ಈಗ ಹೆಮ್ಮೆಯನ್ನು ಇಳಿಸಿ ಇಡಲು ಒಂದು ಜಾಗ ಹುಡುಕಬೇಕಾಗಿತ್ತು.

ಆ ಸಂಜೆಯೇ ಅವನು ತನ್ನ ಪಿಕಪ್ ಗಾಡಿಯಲ್ಲಿ ಕೆಂಡ್ರಾಳ ಮನೆಗೆ ಹೊರಟ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಬಾಗಿಲು ತಟ್ಟಿದಾಗ ಒಳಗೆ ಉರಿಯುತ್ತಿದ್ದ ದೀಪ ಆರಿತು. ಹೆಸರು ಹೇಳಿದ ಮೇಲೆ ಮತ್ತೆ ಹೊತ್ತಿತು. ಕೆಂಡ್ರಾ ಒಳಗಿದ್ದೂ ಕೋಟು ತೊಟ್ಟುಕೊಂಡೇ ಇದ್ದಳು. ಹೀಟರಿನ ಗ್ಯಾಸನ್ನು ಮಕ್ಕಳು ಮಲಗುವ ಹೊತ್ತಿಗೆಂದು ಉಳಿಸುತ್ತಿದ್ದಳು.

“ನೀವಾ, ಮಿಸ್ಟರ್ ಆರ್ವಿಲ್! ಮನೆ ಮಾಲೀಕ ಅಂದ್ಕೊಂಡೆ. ಬನ್ನಿ, ಆವತ್ತಿಂದು ಮನಸ್ಸಲ್ಲಿ ಇಟ್ಕೋಬೇಡಿ. ಹೊಟ್ಟೆ ಖಾಲಿ ಇದ್ದಾಗ ಬಾಯಿ ಉದ್ದ ಆಗತ್ತೆ.”

ಅವಳೇ ಮೊದಲು ಕ್ಷಮೆ ಕೇಳಿಬಿಟ್ಟಳು. ಆರ್ವಿಲ್ ಜೋಡಿಸಿಕೊಂಡು ಬಂದಿದ್ದ ಮಾತಿನ ಕಟ್ಟು ಸಡಿಲವಾಗಿ ಚೆಲ್ಲಿಹೋಯಿತು. ಕೂತು, ನಿಂತ ಸಂಬಳ ಪೂರ್ತಿ ಬಂದೇ ಬರುತ್ತದೆ, ಕಾನೂನನ್ನು ನಂಬು ಎಂದು ಹಳೆಯ ಪಾಠವನ್ನೇ ಮತ್ತೆ ಹೇಳಿದ. ಹೊರಡುವಾಗ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ, ಸಂದಿಯಿಂದ ಗಾಳಿ ನುಗ್ಗುತ್ತಿದೆ ಎಂದು ಕಂಡಿತು. ಗಾಡಿಯಿಂದ ಸಲಕರಣೆ ತಂದು ಬಾಗಿಲಿನ ಕೀಲು ಬಿಗಿಮಾಡಿ, ಮೂರು ಸಲ ಹಾಕಿ ತೆಗೆದು ನೋಡಿ, ಮನೆಗೆ ಬಂದ.

ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಸಾಲಿನ ಸದ್ದಿನಲ್ಲಿ ಹೇಳುವಂತಿರಲಿಲ್ಲ. ನಾಡಿದ್ದು ಬಿಡುವಿನಲ್ಲಿ ಅವಳ ಪಕ್ಕ ಬೇರೆಯವರಿದ್ದರು. ಹೀಗೆ ದಿನ ಕಳೆದಂತೆ ಅವನಿಗೆ ಒಂದು ವಿಚಿತ್ರ ತಿಳಿಯಿತು. ಅವನು ಪಾಠ ಮಾಡಿದ ರಕ್ಷಣೆಗಳು ಯಾವುವೂ ಕೆಂಡ್ರಾಗೆ ಒದಗಿರಲಿಲ್ಲ. ಅವಳನ್ನು ಈಗ ಕಾಯುತ್ತಿದ್ದದ್ದು ಒಂದೇ: ಜಿಲ್ಲಾ ಕಚೇರಿಯ ಬಾಗಿಲಿಗೆ ಬಿದ್ದ ಬೀಗ. ಅವಳ ಅನ್ನ ಕಿತ್ತುಕೊಂಡ ಬೀಗವೇ ಅವಳ ಕೆಲಸವನ್ನು ಉಳಿಸಿಕೊಂಡಿತ್ತು. ಅದು ತೆರೆದ ದಿನ ಎಲ್ಲರಿಗೂ ಸಂಬಳ ಬರುತ್ತದೆ, ಅವನ ವರದಿಯೂ ತೆರೆದುಕೊಳ್ಳುತ್ತದೆ.

ಚರ್ಚಿನಲ್ಲಿ ಪಾದ್ರಿಯು ಸರ್ಕಾರದ ಬಾಗಿಲು ಬೇಗ ತೆರೆಯಲೆಂದು ಎಲ್ಲರ ಕೈಯಲ್ಲೂ ಪ್ರಾರ್ಥನೆ ಮಾಡಿಸಿದಾಗ ಆರ್ವಿಲ್‌ನ ತುಟಿ ಅಲುಗಿತು, ದನಿ ಹೊರಡಲಿಲ್ಲ. ಇನ್ನೊಂದು ವಾರ ಹಾಕಿರಲಿ ದೇವರೇ, ಅಷ್ಟರಲ್ಲಿ ಹೇಳಿಬಿಡುತ್ತೇನೆ ಎಂದು ಒಳಗೇ ಬೇಡಿಕೊಂಡ. ದೇಶದಲ್ಲಿ ಲಕ್ಷಗಟ್ಟಲೆ ಜನ ಸಂಬಳವಿಲ್ಲದೆ ಕೂತಿರುವಾಗ, ತನ್ನ ಮುಖ ಉಳಿಯಲೆಂದು ಅವರನ್ನೆಲ್ಲ ಇನ್ನೊಂದು ವಾರ ಕಾಯಿಸು ಎಂದು ಕೇಳಿದ ನೌಕರ ಅವನೊಬ್ಬನೇ ಇದ್ದಿರಬೇಕು. ದೇವರು ಆ ವಾರವನ್ನೂ ಕೊಟ್ಟ. ಆರ್ವಿಲ್ ಅದನ್ನೂ ಕಳೆದ.

ಕೊನೆಗೆ ಅವನು ಮಾಡಿದ್ದು ತನಗೆ ಬರುತ್ತಿದ್ದುದನ್ನೇ. ಇನ್ನೊಂದು ಪತ್ರ ಬರೆದ. ನಾಲ್ಕು ಸಾಲು ಸಾಕಾಗಿದ್ದ ಕಡೆ ನಾಲ್ಕು ಪುಟ ತುಂಬಿಸಿದ. ಸದರಿ ಆಹಾರವನ್ನು ಸದರಿ ಉದ್ಯೋಗಿಯು ಸ್ವೀಕರಿಸಿದ್ದು ನಿಜವಾದರೂ, ಆ ತಪ್ಪು ಚಿಕ್ಕದೆಂದು ಈಗ ತನಗೆ ತೋರುತ್ತದೆ. ತಾನೂ ಚರ್ಚಿನ ಮೂಲಕ ಅದೇ ಕೋಳಿಯನ್ನು ತಿಂದಿದ್ದೇನೆ. ಅವಳ ಮೇಲೆ ಕ್ರಮ ತೆಗೆದುಕೊಳ್ಳುವುದಾದರೆ ತನ್ನ ಮೇಲೂ ತೆಗೆದುಕೊಳ್ಳಬೇಕು, ಎಂದು. ಬರೆಯುತ್ತ ಬರೆಯುತ್ತ ಅವನಿಗೇ ಕಣ್ಣು ತುಂಬಿ ಬಂತು. ಇಷ್ಟು ಪ್ರಾಮಾಣಿಕನಾದ ಮನುಷ್ಯನನ್ನು ಅವನು ಈಚೆಗೆ ಎಲ್ಲೂ ಕಂಡಿರಲಿಲ್ಲ. ಅದನ್ನು ಕಳಿಸಿದ್ದರಿಂದ ಕೆಂಡ್ರಾಳ ಮುಖ ನೋಡಿ ಹೇಳುವ ಕಷ್ಟವೊಂದು ತಪ್ಪಿತು. ಲಿಜೋನಳ ಸ್ನೇಹದ ವಿಷಯ ನಾಲ್ಕು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಅದು ಕೆಂಡ್ರಾ ಬರೆಯಬೇಕಾದ ಮಾತಲ್ಲವೇ, ನಿಯಮದ ಪ್ರಕಾರ?

ಬಾಗಿಲು ತೆರೆಯಿತು. ಸುದ್ದಿ ಬಂದಾಗ ಕೋಳಿಗಳು ಸಾಗುತ್ತಲೇ ಇದ್ದವು. ತಪಾಸಣೆಯವರು ಕೈ ನಿಲ್ಲಿಸದೆ ಕೇಕೆ ಹಾಕಿದರು. ಡಾಕ್ಟರ್ ಬಾಗ್‌ವೆಲ್ ದೂರದಿಂದಲೇ ಆರ್ವಿಲ್‌ನತ್ತ ನೋಡಿ ಹುಬ್ಬೇರಿಸಿ ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ಮುಖ ತಿರುಗಿಸಿಕೊಂಡಳು.

ಕೆಲವೇ ದಿನಗಳಲ್ಲಿ, ನಿಂತ ಸಂಬಳವೆಲ್ಲ ಕಾನೂನು ಹೇಳಿದಂತೆ ಒಟ್ಟಿಗೆ ಬಂತು. ಕೆಂಡ್ರಾ ಬಾಡಿಗೆ ಕಟ್ಟಿ, ಮಕ್ಕಳಿಗೆ ಬೂಟು ಕೊಡಿಸಿ, ಮಾರನೆಯ ದಿನ ಆರ್ವಿಲ್ ನಿಂತಲ್ಲಿಗೇ ಬಂದಳು.

“ನೀವು ಹೇಳಿದ ಹಾಗೇ ಆಯ್ತು. ನಾವೆಲ್ಲ ಒಳಗೊಳಗೇ ನಗ್ತಿದ್ವಿ, ನಿಜ ಹೇಳ್ತೀನಿ. ನಂಬಿದ್ದೋರು ನೀವೊಬ್ರೇ. ಥ್ಯಾಂಕ್ಸ್, ಮಿಸ್ಟರ್ ಆರ್ವಿಲ್.”

ಆ ಸಲ ಆ ಕರೆಯ ಬಾಲದಲ್ಲಿ ನಗು ಇರಲಿಲ್ಲ. ಕಚೇರಿಯಲ್ಲಿ ಪತ್ರಗಳ ರಾಶಿ ಬಿದ್ದಿದೆ, ಇವನದನ್ನು ಇನ್ನೂ ಓದಿರಲಾರರು, ಈಗ ಹೇಳಿದರೂ ಕಾಲ ಮಿಂಚಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಅಷ್ಟು ಒಳ್ಳೆಯ ಮಾತನ್ನು ಅವನಿಗೆ ಯಾರಾದರೂ ಹೇಳಿ ಬಹಳ ಕಾಲವಾಗಿತ್ತು. ಒಳ್ಳೆಯದಾಯಿತು ಎಂದಷ್ಟೇ ಹೇಳಿ ಅದನ್ನು ಇಟ್ಟುಕೊಂಡ. ಅವನು ನಿಯಮ ಮೀರಿ ಪಡೆದ ಉಡುಗೊರೆ ಅದೊಂದೇ.

ಎರಡು ಕಾಗದಗಳು ಒಂದೇ ದಿನ ಬಂದವು. ಆರ್ವಿಲ್‌ಗೆ ಬಂದದ್ದರಲ್ಲಿ, ಚರ್ಚಿನವರು ಎಲ್ಲರಿಗೂ ಹಂಚಿದ್ದನ್ನು ತಿಂದದ್ದಕ್ಕೆ ಆಕ್ಷೇಪವಿಲ್ಲವೆಂದೂ, ಇಷ್ಟು ವರ್ಷದ ಸೇವೆಯಲ್ಲಿ ತೋರಿದ ಪ್ರಾಮಾಣಿಕತೆಗೆ ವಂದನೆಯೆಂದೂ ಇತ್ತು. ಕೆಂಡ್ರಾಗೆ ಬಂದದ್ದು ಇನ್ನೂ ಚಿಕ್ಕದು. ಮೊದಲ ವರ್ಷದ ಪರೀಕ್ಷಾವಧಿಯಲ್ಲಿ ಅವಳ ಸೇವೆ ಸಾಕೆಂದು ತೀರ್ಮಾನಿಸಲಾಗಿದೆ. ಅದಕ್ಕೆ ಆಧಾರವಾಗಿ ಆರ್ವಿಲ್‌ನ ಎರಡೂ ಪತ್ರಗಳನ್ನು ಲಗತ್ತಿಸಿದ್ದರು. ಮೊದಲನೆಯದು ದೂರು, ಅದರಲ್ಲಿ ಹೇಳಿದ್ದೆಲ್ಲ ನಿಜವೆಂದು ಸಾಕ್ಷಿ ಹೇಳಿದ್ದು ಎರಡನೆಯದು.

ಅವಳು ತನ್ನ ಬೀರು ಖಾಲಿ ಮಾಡುತ್ತಿದ್ದಾಗ ಆರ್ವಿಲ್ ಹೋಗಿ ಎದುರಿಗೆ ನಿಂತ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು.

“ಆವತ್ತು ಸಂಜೆ ಮನೆಗೆ ಬಂದಿದ್ರಲ್ಲ, ಇದನ್ನೇ ಹೇಳೋಕಾ ಬಂದಿದ್ದು?”

ಅವನು ಹೌದೆಂದ.

“ಬಾಗಿಲು ರಿಪೇರಿ ಮಾಡಿ ಹೋದ್ರಿ,” ಎಂದಳು ಕೆಂಡ್ರಾ. ಬೂಟುಗಳನ್ನು ಚೀಲಕ್ಕೆ ಹಾಕಿಕೊಂಡಳು. “ಚೆನ್ನಾಗೇ ಮುಚ್ಕೊಳತ್ತೆ ಈಗ.”

ಅಷ್ಟೇ ಆದದ್ದು. ಆದರೆ ಆ ಮಾತು ಆರ್ವಿಲ್‌ನ ಹೊಟ್ಟೆಯಲ್ಲಿ ಕೂತಿತು. ಹತ್ತು ದಿನ ಒದ್ದಾಡಿ, ಒಂದು ಬೆಳಿಗ್ಗೆ ಅವನು ಎಂದೂ ಮಾಡದ ಕೆಲಸ ಮಾಡಿದ. ತಪಾಸಣೆಯವರು ತಮ್ಮ ಕಡೆಯವರಿಗೆ ಕೆಲಸ ಕೊಡಿ ಎಂದು ಕಾರ್ಖಾನೆಯವರನ್ನು ಕೇಳಬಾರದು. ಅದೂ ನಿಯಮವೇ, ಕೆಲಸ ಹೋಗುವಂಥದ್ದು. ಆರ್ವಿಲ್ ಅದನ್ನು ಗೊತ್ತಿದ್ದೂ ಗೊತ್ತಿದ್ದೂ ಮುರಿಯಲು ಮ್ಯಾನೇಜರ್ ರಸ್ಟಿಯ ಕೋಣೆಗೆ ಹೋದ. ಬಾಗಿಲು ಹಾಕಿಕೊಂಡ. ನಿಂತುಕೊಂಡೇ, ಕೆಂಡ್ರಾಗೆ ಇಲ್ಲಿ ಏನಾದರೂ ಕೆಲಸ ಕೊಡು ಎಂದು ಕೇಳಿದ. ಬೇಕಾದರೆ ತನ್ನ ಮೇಲೆ ದೂರು ಬರೆ, ತಾನೇ ಸಹಿ ಹಾಕುತ್ತೇನೆ ಎಂದೂ ಸೇರಿಸಿದ.

ರಸ್ಟಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

“ಅವಳು ಸೋಮವಾರದಿಂದ ಬರ್ತಿದ್ದಾಳಲ್ಲೋ ಮಾರಾಯ. ಮೂಳೆ ಬಿಡಿಸೋ ಕಡೆ. ಲಿಜೋನ್ ಕೈ ಹಿಡ್ಕೊಂಡು ಕರ್ಕೊಂಡು ಬಂದ್ಳು. ನಿನಗೆ ಯಾರೂ ಹೇಳ್ಲಿಲ್ವಾ?”

ಯಾರೂ ಹೇಳಿರಲಿಲ್ಲ. ಅವನಿಗೆ ಯಾರೂ ಏನನ್ನೂ ಹೇಳುತ್ತಿರಲಿಲ್ಲ. ಜೀವಮಾನದಲ್ಲಿ ಒಂದೇ ಒಂದು ನಿಯಮ ಮುರಿದಿದ್ದ. ಅದೂ ಯಾರಿಗೂ ಬೇಕಿರಲಿಲ್ಲ. ಸಂಬಳ ಎಷ್ಟು ಕೊಡುತ್ತೀರಿ ಎಂದು ಕೇಳಿದ. ಮೊದಲಿಗಿಂತ ಕಡಿಮೆ, ಆದರೆ ಪ್ರತಿ ಶುಕ್ರವಾರ ಕೈಗೆ ಬರುತ್ತದೆ, ವಾಷಿಂಗ್ಟನ್ನಿನಲ್ಲಿ ಯಾರು ಯಾರ ಜುಟ್ಟು ಹಿಡಿದರೂ ಸರಿ ಎಂದು ರಸ್ಟಿ ಹೇಳಿದ. ಆಮೇಲೆ ದನಿ ತಗ್ಗಿಸಿ, “ನೀನು ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ, ಹೋಗು ಆರ್ವಿಲ್. ಸಾಲು ಶುರುವಾಗೋ ಹೊತ್ತಾಯ್ತು,” ಎಂದ.

ಹೋಗುವ ದಾರಿಯಲ್ಲಿ ಮೂಳೆ ಬಿಡಿಸುವ ಹಜಾರದ ಬಾಗಿಲು ಸಿಗುತ್ತದೆ. ಆರ್ವಿಲ್ ಅಲ್ಲಿ ನಿಂತ. ಉದ್ದನೆಯ ಮೇಜಿನ ಎರಡು ಕಡೆಯೂ ಬಿಳಿ ಅಂಗಿ, ತಲೆಗೆ ಬಲೆ, ಬಾಗಿದ ಬೆನ್ನುಗಳು. ಕೆಂಡ್ರಾ ಯಾರು, ಲಿಜೋನ್ ಯಾರು ಗುರುತು ಸಿಗಲಿಲ್ಲ. ಯಾರೋ ಏನೋ ಅಂದರು, ಯಾರೋ ನಕ್ಕರು. ಕರೆಯಬೇಕೆಂದು ಬಾಯಿ ತೆರೆದ. ಕರೆದು ಏನು ಹೇಳಬೇಕೆಂಬುದು ಈಗ ಚೆನ್ನಾಗಿ ಗೊತ್ತಿತ್ತು, ಒಂದೇ ವಾಕ್ಯ. ಆದರೆ ಅದನ್ನು ಹೇಳಿದ್ದರೆ ಉಪಯೋಗವಾಗುತ್ತಿದ್ದ ದಿನಗಳು ಮುಗಿದುಹೋಗಿದ್ದವು. ಗಂಟೆ ಹೊಡೆಯಿತು. ಅವನು ತನ್ನ ಜಾಗಕ್ಕೆ ಹೋಗಿ ಕೈ ತೊಳೆದುಕೊಂಡು ನಿಂತ. ಮೊದಲ ಕೋಳಿ ಬಂತು, ನೋಡಿದ, ಸರಿ ಎಂದು ಬಿಟ್ಟ. ಅವನು ಸರಿ ಎಂದು ಬಿಟ್ಟದ್ದು ಐಸು ನೀರಿನಲ್ಲಿ ಮುಳುಗಿ, ತಣ್ಣಗಾಗಿ, ಗೋಡೆಯ ಆಚೆ ಅವಳ ಕತ್ತಿಯ ಕೆಳಗೆ ಹೋಗುತ್ತದೆ.